ಸೀಬಿನ ಕಪ್ಪಿಗೆ ಇಟ್ಟ ಹೆಸರು

ಮಸ್ಕತ್, ವಿಮಾನ ಇಳಿದಲ್ಲಿ

ವಿಮಾನದಲ್ಲಿ ನನಗೆ ಹೆದರಿಕೆ ಆಗಲಿಲ್ಲ. ಮಂಗಳೂರಿನ ಸಿಟಿ ಬಸ್ಸಿನಲ್ಲಿ ನಿಂತು ಹೋದವಳಿಗೆ ಅದೇನೂ ದೊಡ್ಡ ಕುಲುಕಾಟ ಅಲ್ಲ. ತೊಂದರೆ ಶುರುವಾದದ್ದು ಇಳಿದ ಮೇಲೆ. ಎಲ್ಲರ ಸಾಮಾನು ರಬ್ಬರಿನ ಪಟ್ಟಿಯ ಮೇಲೆ ಸುತ್ತು ಬಂತು, ನನ್ನ ಚೀಲ ಮಾತ್ರ ಬರಲಿಲ್ಲ.

ಅದು ಕ್ಯಾನ್ವಾಸಿನ ಉದ್ದ ಚೀಲ. ಹಿಂದೆ ಅದರಲ್ಲಿ ಕಾಲೇಜಿನ ಫುಟ್ಬಾಲ್ ಟೀಮಿನ ಚೆಂಡುಗಳನ್ನು ತುಂಬುತ್ತಿದ್ದರು. ನಮ್ಮವರು ಆ ಟೀಮಿನ ಕೋಚ್ ಆಗಿದ್ದರು. ಅವರು ತೀರಿಹೋದ ಮೇಲೆ ಚೀಲ ಅಟ್ಟ ಸೇರಿತ್ತು. ಗಟ್ಟಿ ಚೀಲ, ಸುಮ್ಮನೆ ಯಾಕೆ ಬಿಸಾಡುವುದು ಎಂದು ಕುಚ್ಚಲಕ್ಕಿ, ಒಣಮೀನು, ಹಪ್ಪಳ ತುಂಬಿಸಿ ಮಗಳ ಮನೆಗೆ ತಂದಿದ್ದೆ.

ಕಳೆದ ಸಾಮಾನು ಬರೆದುಕೊಳ್ಳುವ ಮೇಜಿನಲ್ಲಿ ಕನ್ನಡಕದ ಗಂಡಸೊಬ್ಬ ಕೂತಿದ್ದ. ಕಾಸರಗೋಡಿನ ಕಡೆಯವನಂತೆ, ಕನ್ನಡ ಬರುತ್ತಿತ್ತು.

“ಅಮ್ಮ, ಚೀಲದ ಮೇಲೆ ಹೆಸರು ಉಂಟಾ?”

“ಉಂಟು. ಕೆಂಪು ಪೇಂಟಿನಲ್ಲಿ, ಇಷ್ಟು ದೊಡ್ಡದು.”

“ನಿಮ್ಮ ಹೆಸರಾ?”

“ಅಲ್ಲ, ಯಜಮಾನರದ್ದು.”

“ಎಂತ ಹೆಸರು?”

“ಚೀಲದಲ್ಲೇ ಬರೆದುಂಟು, ಓದಿ.”

“ಚೀಲ ಸಿಕ್ಕಿದ್ರೆ ಅಲ್ವಾ ಅಮ್ಮ ಓದುದು!”

ಹಿಂದೆ ನಿಂತವರು ನಕ್ಕರು. ಅವನಿಗೆ ನಗು ಬರಲಿಲ್ಲ, ಅವನ ಎದುರು ಇನ್ನೂ ಜನ ಇದ್ದರು. ಕಡೆಗೆ ಅವನದೇ ಫೋನಿನಿಂದ ಹೊರಗೆ ಕಾಯುತ್ತಿದ್ದ ನನ್ನ ಮಗಳು ವಿಮಲನಿಗೆ ಮಾಡಿಸಿದೆ. ಅವಳು ಅಪ್ಪನ ಹೆಸರು ಹೇಳಿದಳು, ಅವನು ಬರೆದುಕೊಂಡ.

ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಹೇಳುವ ಕ್ರಮ ಇಲ್ಲ. ಹೇಳಿದರೆ ಅವರ ಆಯುಷ್ಯ ಕಡಿಮೆಯಾಗುತ್ತದೆ ಎಂದು ನನ್ನ ಅತ್ತೆ ಹೆದರಿಸಿದ್ದರು. ಆಯುಷ್ಯವೇ ಮುಗಿದು ಹೋದ ಮೇಲೆ ಇನ್ನೇನು ಕಡಿಮೆಯಾಗಲಿಕ್ಕುಂಟು ಎಂದು ನೀವು ಕೇಳಬಹುದು. ಕೇಳುವುದು ಸುಲಭ. ಮದುವೆಯಾದಂದಿನಿಂದ ಆ ಕಡೆಗೆ ತಿರುಗದ ನಾಲಗೆ ಈಗ ತಿರುಗು ಎಂದರೆ ತಿರುಗುವುದಿಲ್ಲ. ಆ ಹೆಸರಿನವರು ಬೇರೆ ಯಾರಾದರೂ ಇದ್ದರೆ ಅವರನ್ನೂ ನಾನು “ಹೋಯ್” ಎಂದೇ ಕರೆಯುವುದು.

ಚೀಲ ಮೂರನೆಯ ದಿನ ಮನೆಗೆ ಬಂತು. ತಂದವನು ಮೂಗು ಮುಚ್ಚಿಕೊಂಡಿದ್ದ.

ಸೀಬ್

ವಿಮಲನ ಮನೆ ಇರುವುದು ಮಸ್ಕತ್ತಿನ ಅಂಚಿನ ಸೀಬಿನಲ್ಲಿ. ಮನೆಗಳೆಲ್ಲ ಬಿಳಿ, ಗೋಡೆಗಳೆಲ್ಲ ಎತ್ತರ. ಬೀದಿಯಲ್ಲಿ ನಡೆಯುವವರೇ ಇಲ್ಲ. ಉಪ್ಪು ತರಬೇಕಾದರೂ ಕಾರು ಹೊರಡಬೇಕು. ನಾನು ಎರಡು ದಿನ ಬೆಳಿಗ್ಗೆ ನಡೆಯಲು ಹೋದೆ. ಎರಡೂ ದಿನ ಯಾರೋ ಕಾರು ನಿಲ್ಲಿಸಿ, ಅಮ್ಮ ದಾರಿ ತಪ್ಪಿದ್ದಾರೆ ಎಂದುಕೊಂಡು ಮನೆಗೆ ತಂದು ಬಿಟ್ಟರು. ಒಳ್ಳೆಯ ಜನ. ಆದರೆ ನನ್ನ ನಡಿಗೆ ಹಾಳು.

ಪಕ್ಕದ ಮನೆಯಲ್ಲಿ ನನ್ನ ಪ್ರಾಯದ ಒಮಾನಿ ಹೆಂಗಸು. ಅವಳನ್ನು ಎಲ್ಲರೂ ಉಮ್ ಖಲ್ಫಾನ್ ಎನ್ನುತ್ತಾರೆ. ಹಾಗೆಂದರೆ ಖಲ್ಫಾನನ ತಾಯಿ. ಅವಳಿಗೆ ಅಂಗಡಿಯವರಿಂದ ಕಲಿತ ಹಿಂದಿ ಬರುತ್ತದೆ, ನನಗೆ ಟಿ.ವಿ.ಯಿಂದ ಕಲಿತ ಹಿಂದಿ. ಎರಡೂ ಹರಕು, ಹಾಗಾಗಿ ಮಾತು ಚೆನ್ನಾಗಿ ನಡೆಯಿತು.

ಮೊದಲ ದಿನ ಅವಳು ಖರ್ಜೂರ ಇಟ್ಟು, ಪುಟ್ಟ ಬಟ್ಟಲಿನಲ್ಲಿ ಏಲಕ್ಕಿ ಹಾಕಿದ ಕಹಿ ಕಾಫಿ ಕೊಟ್ಟಳು. ಕುಡಿದೆ. ಮತ್ತೆ ಹೊಯ್ದಳು. ಕೊಟ್ಟದ್ದನ್ನು ಬಿಡಬಾರದೆಂದು ಮತ್ತೆ ಕುಡಿದೆ. ಮತ್ತೆ ಹೊಯ್ದಳು. ಇವಳಿಗೆ ಬುದ್ಧಿ ಇಲ್ಲವೇ ಎಂದು ನನಗೆ, ಇವಳಿಗೆ ಹೊಟ್ಟೆ ಎಷ್ಟು ದೊಡ್ಡದು ಎಂದು ಅವಳಿಗೆ. ಕಡೆಗೆ ವಿಮಲ ಬಂದು ಖಾಲಿ ಬಟ್ಟಲನ್ನು ಎರಡು ಸಲ ಅಲ್ಲಾಡಿಸಿ ತೋರಿಸಿದಳು. ಅಲ್ಲಾಡಿಸಿದರೆ ಸಾಕು ಎಂದರ್ಥ. ಬಾಯಿ ಬಿಡುವುದೇ ಬೇಡ.

ಉಮ್ ಖಲ್ಫಾನಳ ಗಂಡನೂ ತೀರಿಹೋಗಿದ್ದಾನೆ. ಅವಳು ಅವನ ಹೆಸರನ್ನು ಕೋಳಿಯನ್ನು ಕರೆದ ಹಾಗೆ ಕರೆಯುತ್ತಾಳೆ. ನಾಸಿರ್‌ಗೆ ಈ ಖರ್ಜೂರ ಆಗುತ್ತಿರಲಿಲ್ಲ, ನಾಸಿರ್ ಗೊರಕೆ ಹೊಡೆಯುತ್ತಿದ್ದ, ನಾಸಿರ್ ಹಾಗೆ, ನಾಸಿರ್ ಹೀಗೆ. ಆದರೆ ಅವಳ ಮಗ ಹೊರಗಿನ ಗಂಡಸರ ಎದುರು ತಾಯಿಯ ಹೆಸರು ಹೇಳುವುದಿಲ್ಲವಂತೆ. ನಮ್ಮಲ್ಲಿ ಹೆಂಗಸು ಗಂಡಸಿನ ಹೆಸರನ್ನು ನುಂಗಿಕೊಂಡರೆ, ಇಲ್ಲಿ ಗಂಡಸು ಹೆಂಗಸಿನದ್ದನ್ನು.

“ನಿನ್ನ ಗಂಡನ ಹೆಸರೇನು?” ಎಂದು ಕೇಳಿದಳು.

“ಮಾಸ್ಟರ್” ಎಂದೆ.

“ಮಾಸ್ಟರ್, ಒಳ್ಳೆಯ ಹೆಸರು” ಎಂದಳು. ನಾನು ತಿದ್ದಲು ಹೋಗಲಿಲ್ಲ.

ಹಮ್ರಿಯಾ

ನಮ್ಮ ಕಾಲೇಜಿನಲ್ಲಿ ಫುಟ್ಬಾಲ್ ಆಡಿದವರು ಮಸ್ಕತ್‌ನಲ್ಲಿ ತುಂಬ ಜನ ಇದ್ದಾರೆ. ವರ್ಷಕ್ಕೊಮ್ಮೆ ಎರಡು ಟೀಮು ಮಾಡಿಕೊಂಡು ತಮ್ಮೊಳಗೇ ಒಂದು ಆಟ ಆಡುತ್ತಾರೆ. ಈ ಸಲ ಅದಕ್ಕೆ ಹೊಸ ಕಪ್ ತಂದಿದ್ದರು. ಕಪ್ಪಿಗೆ ತಮ್ಮ ಕೋಚ್ ಒಬ್ಬರ ಹೆಸರು ಇಡಬೇಕೆಂದು ಅವರ ಆಸೆ. ಯಾರದ್ದು ಎಂದು ತೀರ್ಮಾನಿಸಲು ಆಟದ ಹಿಂದಿನ ದಿನ, ಗುರುವಾರ ಸಂಜೆ, ಹಮ್ರಿಯಾದಲ್ಲಿ ಅವರಲ್ಲೊಬ್ಬನಾದ ಯೋಗೀಶನ ಮನೆಯಲ್ಲಿ ಸೇರಿದರು. ಮಾಸ್ಟ್ರ ಹೆಂಡತಿ ಊರಿನಿಂದ ಬಂದಿದ್ದಾಳೆಂದು ನನ್ನನ್ನೂ ಕರೆದರು.

ಹಮ್ರಿಯಾ ನನಗೆ ಹಿಡಿಸಿತು. ಅಲ್ಲಿ ಜನ ನಡೆಯುತ್ತಾರೆ. ಕೆಳಗೆ ಬಳೆಯಂಗಡಿ, ಮೀನಿನ ವಾಸನೆ, ಮೆಟ್ಟಿಲಿನಲ್ಲಿ ಯಾರೋ ತುಳುವಿನಲ್ಲಿ ಬೈಯುವ ಸ್ವರ. ಇದಕ್ಕೆ ವಿಮಾನ ಹತ್ತಿ ಬರಬೇಕಿತ್ತೇ ಎಂದೂ ಅನಿಸಿತು.

ನಮ್ಮ ಕಾಲೇಜಿಗೆ ನಾನು ತಿಳಿದ ಹಾಗೆ ಮೂವರು ಕೋಚ್. ಮೊದಲು ಲಾರೆನ್ಸ್ ಮಾಸ್ಟ್ರು, ಮಿಲಿಟರಿಯಿಂದ ಬಂದವರು. ನಂತರ ನಮ್ಮವರು. ಈಗ ನವೀನ್ ಸರ್. ನಮ್ಮ ಕ್ವಾರ್ಟರ್ಸು ಮೈದಾನದ ಬೇಲಿಗೆ ತಾಗಿಕೊಂಡಿತ್ತು. ನಾನು ಮದುವೆಯಾಗಿ ಬಂದಾಗ ನಮ್ಮವರು ಲಾರೆನ್ಸ್ ಮಾಸ್ಟ್ರ ಕೈಕೆಳಗೆ ಚೆಂಡಿಗೆ ಗಾಳಿ ತುಂಬುತ್ತಿದ್ದರು. ನವೀನ್ ಸರ್ ಬಂದ ಮೇಲೂ ನಾವು ಅದೇ ಬೀದಿಯಲ್ಲಿ ಬಾಡಿಗೆಗೆ ಇದ್ದೆವು. ಹಾಗಾಗಿ ಮೂವರನ್ನೂ ಅಡಿಗೆಮನೆಯ ಕಿಟಕಿಯಿಂದ ನೋಡಿದ್ದೇನೆ.

ಲಾರೆನ್ಸ್ ಮಾಸ್ಟ್ರು ಬಾಯಿಯಿಂದ ಮಾತಾಡಿದ್ದಕ್ಕಿಂತ ಬೆತ್ತದಿಂದ ಮಾತಾಡಿದ್ದು ಹೆಚ್ಚು. ಸೋತರೆ ಟೀಮನ್ನು ಬಸ್ಸು ಹತ್ತಿಸುತ್ತಿರಲಿಲ್ಲ, ಬೇರೆ ಊರಿನಿಂದಲಾದರೂ ನಡೆಸಿಯೇ ತರುತ್ತಿದ್ದರು. ತಾವೂ ಮುಂದೆ ನಡೆಯುತ್ತಿದ್ದರು ಎನ್ನುವುದನ್ನೂ ಹೇಳಬೇಕು. ಗೆದ್ದರೆ ಎಲ್ಲರಿಗೂ ಐಸ್ಕ್ರೀಮು. ಅವರ ಕಾಲದಲ್ಲಿ ಪ್ರಿನ್ಸಿಪಾಲರ ಕೋಣೆಯಲ್ಲಿ ಕಪ್ ಇಡಲು ಜಾಗ ಇರಲಿಲ್ಲ. ನವೀನ್ ಸರ್ ಬೆತ್ತ ಮುಟ್ಟುವವರಲ್ಲ. ಕಂಪ್ಯೂಟರಿನಲ್ಲಿ ಆಟ ಹಾಕಿ ತೋರಿಸುತ್ತಾರೆ, ಯಾರು ಎಷ್ಟು ಓಡಿದ ಎಂದು ಲೆಕ್ಕ ಇಡುತ್ತಾರೆ, ಮೊಟ್ಟೆ, ಬಾಳೆಹಣ್ಣು ತಿನ್ನಿಸುತ್ತಾರೆ. ಅವರೂ ಕಪ್ ತಂದಿದ್ದಾರೆ.

ನಮ್ಮವರ ಕ್ರಮ ಬೇರೆ. ಗೆಲ್ಲಲಿ, ಸೋಲಲಿ, ಟೀಮು ನಮ್ಮ ಮನೆಗೆ ಬಂದು ಗಂಜಿ, ಒಣಮೀನಿನ ಚಟ್ನಿ ತಿಂದು ಹೋಗಬೇಕು. ಬೇಯಿಸುವವಳು ನಾನು. ಗೆದ್ದವರಿಗೆ ಸರಿ, ಸೋತವರಿಗೆ ಯಾತರ ಮೀನು ಎಂದು ಪಾತ್ರೆ ಕುಕ್ಕಿದ್ದೇನೆ. “ಲಾರೆನ್ಸ್ ಮಾಸ್ಟ್ರ ಹಾಗೆ ನಾಲ್ಕು ಬಿಗಿಯಬಾರದಾ? ಅವರು ಕೋಚ್, ನೀವೆಂತದು?” ಎಂದು ಅವರ ಮುಖಕ್ಕೇ ಕೇಳಿದ್ದೂ ಉಂಟು. ಅವರು ಕಾಲು ತೊಳೆದು ಒಳಗೆ ಬರುತ್ತಿದ್ದರು. ಅಷ್ಟೇ ಉತ್ತರ.

ಯೋಗೀಶ ಲಾರೆನ್ಸ್ ಮಾಸ್ಟ್ರ ಕಾಲದವನು. ಕೂದಲಿಗೆ ಬಣ್ಣ, ಹೊಟ್ಟೆಗೆ ಬೆಲ್ಟು. ಅವನೇ ಶುರು ಮಾಡಿದ.

“ಲಾರೆನ್ಸ್ ಮಾಸ್ಟ್ರ ಪೆಟ್ಟು ತಿನ್ನದವನು ಫುಟ್ಬಾಲರಾ ಮಾರಾಯ್ರೆ? ನನ್ನ ತೊಡೆಯಲ್ಲಿ ಈಗ್ಲೂ ಗೆರೆ ಉಂಟು.”

ನಿಖಿಲ್ ಎಂಬವನು ನವೀನ್ ಸರ್ ಟೀಮಿನವನು. “ಅಂಕಲ್, ಈಗ ಹಾಗೆ ಹೊಡೆದಿದ್ರೆ ವೀಡಿಯೋ ಆಗಿ ಮಾಸ್ಟ್ರು ಸ್ಟೇಷನ್‌ನಲ್ಲಿ ಇರ್ತಿದ್ರು” ಎಂದ.

“ನಿಮ್ದು ಎಂತ ಆಟ ಮಾರಾಯ? ಕಂಪ್ಯೂಟರ್ ಕೆಟ್ಟರೆ ಗೋಲು ಯಾವ ಕಡೆ ಅಂತ ಗೊತ್ತಾಗ್ಲಿಕ್ಕಿಲ್ಲ.”

“ನಿಮ್ಗೆ ಈಗ ಗೋಲು ಕಂಡ್ರೂ ಅಲ್ಲಿವರೆಗೆ ಹೋಗ್ಲಿಕ್ಕೆ ಟ್ಯಾಕ್ಸಿ ಬೇಕು ಅಂಕಲ್.”

ಕೋಣೆ ತುಂಬ ನಗು. ಮೂಲೆಯಲ್ಲಿ ಒಬ್ಬ ಸುಮ್ಮನೆ ನೀರುದೋಸೆ ತಿನ್ನುತ್ತಿದ್ದ. ಸದಾನಂದ. ನಮ್ಮವರ ಕಾಲದವನು. ಸಲಾಲಾದ ಬಂದರಿನಲ್ಲಿ ಕೆಲಸ. ಈ ತೀರ್ಮಾನದಲ್ಲಿ ಒಂದು ಮಾತು ಹೇಳಲೆಂದು ಇಡೀ ದಿನ ಮರಳುಗಾಡಿನಲ್ಲಿ ಬಸ್ಸಿನಲ್ಲಿ ಕೂತು ಬಂದಿದ್ದ.

ಯೋಗೀಶ ಅವನ ಕಡೆ ತಿರುಗಿದ. “ನೀನೆಂತ ಮಾತಾಡುದಿಲ್ಲ? ನಿಮ್ಮ ಕಾಲದಲ್ಲಿ ಕಪ್ಪಿನ ಕಪಾಟಿನಲ್ಲಿ ಇದ್ದದ್ದು ಜೇಡ ಮಾತ್ರ ಅಲ್ವಾ?” ಎಂದವನು ನನ್ನನ್ನು ಕಂಡು ನಾಲಗೆ ಕಚ್ಚಿದ. “ಅಯ್ಯೋ, ಅಮ್ಮ...”

“ಹೇಳು, ಹೇಳು. ಜೇಡ ಇದ್ದದ್ದು ಹೌದು. ಬಲೆ ತೆಗೆದದ್ದು ನಾನೇ” ಎಂದೆ.

ಸದಾನಂದ ಕೈ ತೊಳೆದು ಬಂದ. “ಲಾರೆನ್ಸ್ ಮಾಸ್ಟ್ರು ಚೆನ್ನಾಗಿ ಆಡುವವರನ್ನು ಇಟ್ಟುಕೊಂಡು ಉಳಿದವರನ್ನು ಗೇಟಿಂದ ಹೊರಗೆ ಹಾಕ್ತಿದ್ರು. ನವೀನ್ ಸರ್ ಓಡಿಸಿ ನೋಡಿ ಹೊರಗೆ ಹಾಕ್ತಾರೆ. ನಮ್ಮ ಮಾಸ್ಟ್ರು ಬಂದವರನ್ನೆಲ್ಲ ಇಟ್ಟುಕೊಂಡ್ರು. ಎಲ್ಲರನ್ನೂ ಆಡಿಸಿದ್ರು.”

“ಅದಕ್ಕೇ ಸೋತದ್ದು” ಎಂದ ನಿಖಿಲ್.

“ಹೌದು, ಅದಕ್ಕೇ” ಎಂದ ಸದಾನಂದ. “ನಾನಿದ್ದ ಆಟ ಒಂದೂ ಗೆದ್ದದ್ದಿಲ್ಲ. ಬೇರೆ ಯಾರ ಕಾಲದಲ್ಲಾದ್ರೂ ನಾನು ಬೇಲಿಯ ಹೊರಗೆ ನಿಂತು ನೋಡ್ಬೇಕಿತ್ತು. ಅವರಿಂದಾಗಿ ಆಡಿದೆ. ಮತ್ತೆ ಎಂತ ಹೇಳ್ಲಿ? ಹೇಳ್ಲಿಕ್ಕೆ ಅಷ್ಟೇ ಇದ್ದದ್ದು.”

ಯೋಗೀಶ ನಿಖಿಲನನ್ನು ನೋಡಿದ, ನಿಖಿಲ್ ತಲೆಯಾಡಿಸಿದ. ಯೋಗೀಶ ಎದ್ದು ನಿಂತ.

“ಒಂದು ಕೆಲಸ ಮಾಡುವ. ಮೂವರು ಮಾಸ್ಟ್ರನ್ನೂ ಕಂಡವರು ಇಲ್ಲಿ ಅಮ್ಮ ಒಬ್ಬರೇ. ನಾಳೆ ಮೈದಾನದಲ್ಲಿ ಅವರೇ ಹೇಳ್ಲಿ. ಅವರ ಬಾಯಲ್ಲಿ ಬಂದ ಹೆಸರೇ ಹೆಸರು. ಖಲಾಸ್.”

ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ವಯಸ್ಸಾಗಿರಬಹುದು, ದಡ್ಡಿ ಅಲ್ಲ. ಯಾರ ಹೆಸರು ಇಡಲು ಅವರು ಹೊರಟದ್ದೆಂದು ತಿಳಿಯಿತು. ಸದಾನಂದ ನನಗೆ ಕೈಮುಗಿದ.

ಕಾರಿನಲ್ಲಿ ವಿಮಲ, “ಅಮ್ಮ, ನಾಳೆ ಬಾಯಿ ಬಿಟ್ಟು ಅಪ್ಪನ ಹೆಸರು ಹೇಳ್ಬೇಕು ಆಯ್ತಾ” ಎಂದಳು.

“ಗೊತ್ತುಂಟು.”

“ಮೈಕಿನಲ್ಲಿ.”

“ಗೊತ್ತುಂಟು ಅಂತ ಹೇಳಿದೆ ಅಲ್ವಾ?”

ಶುಕ್ರವಾರ, ಮೈದಾನ

ಮೈದಾನ ಸೀಬಿನಲ್ಲೇ. ಹುಲ್ಲು ಹಸಿರಾಗಿತ್ತು, ಆದರೆ ಪ್ಲಾಸ್ಟಿಕ್ಕಿನದ್ದು. ನಡೆದರೆ ಚಪ್ಪಲಿಯೊಳಗೆ ಕಪ್ಪು ರಬ್ಬರಿನ ಕಾಳು ಸೇರುತ್ತಿತ್ತು. ನಮ್ಮದು ಕೆಂಪು ಮಣ್ಣಿನ ಮೈದಾನ. ಬಿದ್ದರೆ ಮಣ್ಣು ಯಾವುದು, ರಕ್ತ ಯಾವುದು ಎಂದು ಒಗೆಯುವವಳಿಗೇ ಗೊತ್ತಾಗುವುದು. ಇಲ್ಲಿ ಬಿದ್ದವರು ಎದ್ದಾಗ ಅಂಗಿ ಇಸ್ತ್ರಿ ಹಾಕಿದ ಹಾಗೇ ಇತ್ತು.

ನಮಾಜಿನ ಹೊತ್ತಿಗೆ ಮುಗಿಸಬೇಕೆಂದು ಬೇಗ ಶುರು ಮಾಡಿದರು. ಆಟದ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಹೊಟ್ಟೆಗಳು ಮುಂದೆ, ಕಾಲುಗಳು ಹಿಂದೆ. ಸದಾನಂದ ಗೋಲಿನಲ್ಲಿ ನಿಂತಿದ್ದ. ನಿಖಿಲ್ ಮೆಲ್ಲಗೆ ಒದ್ದ ಚೆಂಡು ಅವನ ಕಾಲುಗಳ ಸಂದಿನಿಂದಲೇ ಹೋಯಿತು. “ನೋಡಿ, ಸದಾನಂದ ಸಂಪ್ರದಾಯ ಬಿಡ್ಲಿಲ್ಲ!” ಎಂದು ಯೋಗೀಶ ಕೂಗಿದ. ಎಲ್ಲರಿಗಿಂತ ಜೋರಾಗಿ ನಕ್ಕವನು ಸದಾನಂದನೇ.

ಆಮೇಲೆ ಕಪ್ಪನ್ನು ಮೇಜಿನ ಮೇಲೆ ಇಟ್ಟರು. ಬುಡದ ತಗಡಿನಲ್ಲಿ ಹೆಸರಿಗೆ ಜಾಗ ಬಿಟ್ಟಿತ್ತು. ಸಂಜೆಗೆ ರೂವಿ ಪೇಟೆಯ ಅಂಗಡಿಯಲ್ಲಿ ಕೆತ್ತಿಸುವುದಂತೆ. ನಿಖಿಲ್ ಮೈಕನ್ನು ನನ್ನ ಬಾಯಿಯ ಹತ್ತಿರ ಹಿಡಿದ.

“ಅಮ್ಮ, ಹೆಸರು!”

ನಾನು ಬಾಯಿ ತೆರೆದೆ. ಬೆಳಗಿನಿಂದ ಸ್ನಾನದ ಕೋಣೆಯಲ್ಲಿ ತುಟಿ ಅಲ್ಲಾಡಿಸಿ ಅಭ್ಯಾಸ ಮಾಡಿದ್ದೆ. ಸ್ವರ ಬರಲಿಲ್ಲ.

“ನಮ್ಮವರದ್ದು ಇಡಿ” ಎನ್ನಬಹುದಿತ್ತು, ಅಷ್ಟು ತಿಳಿಯಲಿಲ್ಲವೇ ಎಂದು ನೀವು ಕೇಳುತ್ತೀರಿ. ತಿಳಿಯಿತು. ಆದರೆ ಅಷ್ಟು ಜನರ ಎದುರು ನನ್ನ ಮನೆಯವರಿಗೆ ಕೊಡಿ ಎಂದು ಬಾಯಿಬಿಟ್ಟು ಕೇಳುವುದು ನನಗೆ ನಾಚಿಕೆ. ಊಟದ ಪಂಕ್ತಿಯಲ್ಲಿ ನನ್ನ ಗಂಡನಿಗೆ ಇನ್ನೊಂದು ತುಂಡು ಮೀನು ಹಾಕಿ ಎಂದ ಹಾಗೆ. ಹೆಸರು ಹೇಳಲು ನಾಲಗೆ ಬಿಡಲಿಲ್ಲ, ಹೆಸರು ಬಿಟ್ಟು ಹೇಳಲು ಮರ್ಯಾದೆ ಬಿಡಲಿಲ್ಲ.

“ಹೆಸರು ಅಮ್ಮ, ಹೆಸರು!” ಎಂದು ಹಿಂದಿನಿಂದಲೂ ಕೂಗಿದರು.

ಮನೆಯಲ್ಲಿ ಅಷ್ಟು ವರ್ಷ ಯಾರ ಹೆಸರನ್ನು ಹಿಡಿದು ನಮ್ಮವರನ್ನು ಚುಚ್ಚಿದ್ದೆನೋ ಆ ಹೆಸರು ತಾನಾಗಿಯೇ ಬಂತು.

“ಲಾರೆನ್ಸ್ ಮಾಸ್ಟ್ರು.”

ಮೈಕು ಅದನ್ನು ಮೈದಾನದ ಆಚೆ ತನಕ ಒಯ್ದಿತು. ಯಾರೂ ಕೈ ತಟ್ಟಲಿಲ್ಲ. ಲಾರೆನ್ಸ್ ಮಾಸ್ಟ್ರ ಪೆಟ್ಟು ತಿಂದ ಯೋಗೀಶನೂ ತಟ್ಟಲಿಲ್ಲ.

“ಅಮ್ಮ, ಶ್ಯೂರಾ?” ಎಂದ ನಿಖಿಲ್, ಮೈಕನ್ನು ಕೆಳಗೆ ಇಳಿಸಿ.

ಆಗ ತಿದ್ದಬಹುದಿತ್ತು. ನಾನು, “ಹೆಚ್ಚು ಕಪ್ ತಂದವರು ಅವರೇ ಅಲ್ವಾ?” ಎಂದೆ. ಅದು ಸುಳ್ಳಲ್ಲ. ಸುಳ್ಳಾಗಿದ್ದರೆ ಹಿಂದೆ ತೆಗೆದುಕೊಳ್ಳುವುದು ಸುಲಭವಿತ್ತು.

ಆಮೇಲೆ ಚಪ್ಪಾಳೆ ಬಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ ಹೊಗಳಿಕೆ. ಎಂಥ ದೊಡ್ಡ ಮನಸ್ಸು, ಸ್ವಂತ ಗಂಡನನ್ನು ಬಿಟ್ಟು ನ್ಯಾಯ ಹೇಳಿದರು ಎಂದು ಒಬ್ಬೊಬ್ಬರಾಗಿ ಬಂದು ಕಾಲು ಮುಟ್ಟಿದರು. ನಾನು ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಾ ಇದ್ದೆ. ಸದಾನಂದನೂ ಬಂದು ಮುಟ್ಟಿದ.

ಮನೆಗೆ ಬಂದ ಮೇಲೆ ನೋಡುತ್ತೇನೆ, ಆ ಕ್ಯಾನ್ವಾಸ್ ಚೀಲ ಬಾಗಿಲ ಮೂಲೆಯಲ್ಲೇ ಇತ್ತು. ಅದನ್ನು ಮೈದಾನಕ್ಕೆ ಒಯ್ದಿದ್ದರೆ ಬೆರಳು ತೋರಿಸಿದರೆ ಮುಗಿಯುತ್ತಿತ್ತು. ಬಟ್ಟಲು ಅಲ್ಲಾಡಿಸಿದಷ್ಟೇ ಕೆಲಸ.

ಸಂಜೆ ನಾನೇ ವಿಮಲನ ಹತ್ತಿರ ಯೋಗೀಶನಿಗೆ ಫೋನು ಮಾಡಿಸಿದೆ. “ಕೆತ್ತಿ ಆಯ್ತಲ್ಲ ವಿಮಲಕ್ಕ” ಎಂದ. “ಅಮ್ಮ ಹೇಳಿದ ಮೇಲೆ ನಾವು ಬೇರೆ ಯೋಚನೆ ಮಾಡುದುಂಟಾ?”

ಸಲಾಲಾದ ಬಸ್ಸಿಗೆ ಮೊದಲು

ಶನಿವಾರ ಸದಾನಂದ ಸಲಾಲಾಕ್ಕೆ ಹೊರಡುವವನಿದ್ದ. ಬಸ್ಸು ಸೀಬಿನ ಹತ್ತಿರದಿಂದಲೇ ಹೋಗುತ್ತದೆ ಎಂದು ತಿಳಿದು, ಮನೆಗೆ ಬಂದು ಹೋಗು ಎಂದು ಹೇಳಿ ಕಳಿಸಿದೆ. ಗಂಜಿ ಬೇಯಿಸಿದೆ. ಒಣಮೀನು ಸುಟ್ಟು ಚಟ್ನಿ ಅರೆದೆ.

ಅವನು ನೆಲದ ಮೇಲೆಯೇ ಕೂತ. ಎರಡು ತುತ್ತು ತಿಂದು ನಿಲ್ಲಿಸಿದ.

“ಅದೇ ರುಚಿ ಅಮ್ಮ.”

“ಸೋತವರಿಗೆ ಅಂತಲೇ ಮಾಡಿದ್ದು.”

ನಕ್ಕ. ಆಮೇಲೆ ಬಟ್ಟಲು ನೋಡುತ್ತಲೇ, “ಅಮ್ಮ, ಒಂದು ಕೇಳ್ಲಾ? ನಮ್ಮ ಮಾಸ್ಟ್ರು ಅಷ್ಟು ಕೆಟ್ಟ ಕೋಚಾ?” ಎಂದ.

“ಕೋಚ್ ಸುಮಾರು.”

“ಮತ್ತೆ?”

ಮತ್ತೆ ಎಂತ ಎಂದು ನನಗೂ ಹೇಳಲಿಕ್ಕಿತ್ತು. ನಾಲಗೆ ಬಿಡಲಿಲ್ಲ ಎಂದು ಹೇಳಿದರೆ ಅರ್ಧ ಸತ್ಯ. ಲಾರೆನ್ಸ್ ಮಾಸ್ಟ್ರೇ ದೊಡ್ಡವರು ಎಂದರೂ ಅರ್ಧ ಸತ್ಯ. ಎರಡು ಅರ್ಧ ಸೇರಿಸಿ ಅವನ ಕೈಗೆ ಕೊಡುವಷ್ಟು ಮಾತು ನನಗೆ ಬರುವುದಿಲ್ಲ.

“ಗಂಜಿ ಆರ್ತದೆ, ತಿನ್ನು” ಎಂದೆ.

ಹೊರಡುವಾಗ ಆ ಚೀಲವನ್ನು ಕೊಡವಿ ಅವನಿಗೆ ಕೊಟ್ಟೆ. ಮೀನಿನ ವಾಸನೆ ಹೋಗಿರಲಿಲ್ಲ. ಅವನು ಬಿಸಿಲಿಗೆ ಹಿಡಿದು ಅದರ ಮೇಲಿನ ಕೆಂಪು ಅಕ್ಷರ ಓದಿದ. ಜೋರಾಗಿಯೇ ಓದಿದ, ಮೈಕಿನಲ್ಲಿ ಓದಬೇಕಾದ ಹಾಗೆ. ನಾನು ಹೂಂ ಎಂದೆ.

“ಇದು ನಾನು ಚೆಂಡು ಹೊತ್ತ ಚೀಲ ಅಮ್ಮ. ಆಡದೆ ಇದ್ದ ದಿನವೂ ಹೊತ್ತದ್ದು.”

“ಹಾಗಾದರೆ ಹೊತ್ತುಕೊಂಡು ಹೋಗು” ಎಂದೆ.

ಸೀಬಿನ ಕಡಲು

ಊರಿಗೆ ಹೊರಡುವ ಹಿಂದಿನ ಸಂಜೆ ಉಮ್ ಖಲ್ಫಾನ್ ನನ್ನನ್ನು ಕಡಲ ಬದಿಗೆ ಕರೆದುಕೊಂಡು ಹೋದಳು. ಅವಳ ಮಗ ಕಾರು ನಿಲ್ಲಿಸಿ ದೂರ ಹೋಗಿ ನಿಂತ. ನಾವು ಚಾಪೆ ಹಾಸಿ ಕೂತು, ಅವಳು ಬುಟ್ಟಿಯಲ್ಲಿ ತಂದ ಕಾಫಿ ಕುಡಿದೆವು. ಇದೇ ಕಡಲು ಆ ಕಡೆ ನಮ್ಮ ಊರಿಗೂ ತಾಗುತ್ತದೆ. ಇಲ್ಲಿ ಅದಕ್ಕೆ ಸದ್ದು ಕಡಿಮೆ.

“ನಾಸಿರ್ ದೋಣಿ ಎಳೆದು ಇಲ್ಲೇ ಇಡುತ್ತಿದ್ದ” ಎಂದಳು. ಆಮೇಲೆ ನನ್ನ ಮೊಣಕಾಲಿಗೆ ಕುಟ್ಟಿ, “ಮಾಸ್ಟರ್ ಅಂದರೆ ಹೆಸರಲ್ಲವಂತೆ, ನಿನ್ನ ಮಗಳು ಹೇಳಿದಳು. ನಿಜವಾದ ಹೆಸರು ಏನು?” ಎಂದು ಕೇಳಿದಳು.

ಅಲ್ಲಿ ಮೈಕು ಇರಲಿಲ್ಲ. ಕಪ್ ಇರಲಿಲ್ಲ. ನಾಚಲು ಯಾರೂ ಇರಲಿಲ್ಲ. ನಾನು ಬಾಯಿ ತೆರೆದೆ. ಆಮೇಲೆ ಕೈಯಲ್ಲಿದ್ದ ಖಾಲಿ ಬಟ್ಟಲನ್ನು ಎರಡು ಸಲ ಅಲ್ಲಾಡಿಸಿದೆ. ಅವಳು ಅದನ್ನು ತೆಗೆದುಕೊಂಡು ಬುಟ್ಟಿಯೊಳಗೆ ಇಟ್ಟಳು. ಮತ್ತೆ ಕೇಳಲಿಲ್ಲ.

ಒಮಾನ್ ಹೇಗಿತ್ತು ಎಂದು ಊರಲ್ಲಿ ಎಲ್ಲರೂ ಕೇಳುತ್ತಾರೆ. ಚೆನ್ನಾಗಿತ್ತು. ರಸ್ತೆ ಚೆನ್ನಾಗಿದೆ, ಜನ ಚೆನ್ನಾಗಿದ್ದಾರೆ, ಖರ್ಜೂರ ನಮ್ಮಲ್ಲಿ ಸಿಗುವುದಕ್ಕಿಂತ ಮೆತ್ತಗೆ. ಅಲ್ಲಿ ಒಂದು ಕಪ್ ಇದೆ, ಅದರ ಮೇಲೆ ಲಾರೆನ್ಸ್ ಮಾಸ್ಟ್ರ ಹೆಸರು ಇದೆ. ಹೇಳಿದವಳು ನಾನು. ಇನ್ನು ಪ್ರತಿ ವರ್ಷ ಅದನ್ನು ಎತ್ತಿ ಹಿಡಿಯುತ್ತಾರೆ.

ನಾಲಗೆಗೆ ಆಗದ್ದು ಕೈಗಾದರೂ ಆಗುತ್ತದೆಯೇ ನೋಡುವ ಎಂದು ಇದನ್ನು ಬರೆಯಲು ಕೂತೆ. ಆಗುತ್ತದೆ. ಅವರ ಹೆಸರು ಶೀನಪ್ಪ. ಶೀನಪ್ಪ ಮಾಸ್ಟ್ರು. ಲಾರೆನ್ಸ್ ಮಾಸ್ಟ್ರ ನಂತರ, ನವೀನ್ ಸರ್‌ಗಿಂತ ಮೊದಲು. ಬಂದವರನ್ನೆಲ್ಲ ಆಡಿಸಿದರು, ಹೆಚ್ಚಾಗಿ ಸೋತರು.